ಬಿಳಿ ಕಾಗೆಯ ಕಣ್ಣು

ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಮರವೊಂದರ ಮೇಲೆ ರೂಕ್ ಹಕ್ಕಿಯ ಗೂಡಿತ್ತು. ರೂಕ್ ಎಂದರೆ ನಮ್ಮ ಕಾಗೆಯ ಹತ್ತಿರದ ನೆಂಟ, ಮೈಯೆಲ್ಲ ಕಪ್ಪು. ಆದರೆ ಆ ಗೂಡಿನ ಎರಡು ಮರಿಗಳು ಹಾಲಿನಷ್ಟು ಬೆಳ್ಳಗಿದ್ದವು. ಇನ್ನೂ ಹಾರಲು ಬಾರದ ಅವು ಒಬ್ಬ ಗಾಡಿಯವನ ಕಣ್ಣಿಗೆ ಬಿದ್ದವು. ಅವನು ಅವನ್ನು ಗೂಡಿನಿಂದ ಕೆಳಕ್ಕೆಸೆದು ಕೊಂದ. ಅಂಥ ಅಪರೂಪ ತನ್ನ ಮರದಲ್ಲೇ ಇದ್ದೂ ಕೈತಪ್ಪಿತಲ್ಲ ಎಂದು ಜಮೀನಿನ ಯಜಮಾನನಿಗೆ ಬೇಸರವಾಯಿತು. ಊರಿನ ಪಾದ್ರಿ ಗಿಲ್ಬರ್ಟ್ ವೈಟ್ ನೋಡುವ ಹೊತ್ತಿಗೆ ಎರಡೂ ಮರಿಗಳನ್ನು ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು.

1768ರ ಮಾರ್ಚ್ ತಿಂಗಳಲ್ಲಿ ಬರೆದ ಪತ್ರವೊಂದರಲ್ಲಿ ವೈಟ್ ಈ ಸಂಗತಿಯನ್ನು ಹೇಳುತ್ತಾನೆ. ಮುಂದೆ 1789ರಲ್ಲಿ ಇಂಥ ಪತ್ರಗಳೆಲ್ಲ ಸೇರಿ ಸೆಲ್ಬೋರ್ನಿನ ನಿಸರ್ಗ ಚರಿತ್ರೆಯೆಂಬ ಪುಸ್ತಕವಾಯಿತು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಾರಿ ಮರುಮುದ್ರಣ ಕಂಡ ಪುಸ್ತಕಗಳಲ್ಲಿ ಅದೂ ಒಂದು. ವೈಟ್ ಒಳ್ಳೆಯ ನೋಡುಗ. ಸತ್ತ ಮರಿಗಳ ಕೊಕ್ಕು, ಕಾಲು, ಪಾದ, ಉಗುರು ಎಲ್ಲವೂ ಬಿಳಿಯಾಗಿದ್ದವು ಎಂದು ಬಿಡಿಬಿಡಿಯಾಗಿ ಬರೆದಿದ್ದಾನೆ. ಒಂದನ್ನು ಮಾತ್ರ ಬರೆದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಅದೇ ಪತ್ರದಲ್ಲಿ ಒಬ್ಬ ಕುರಿಗಾಹಿಯೂ ಬರುತ್ತಾನೆ. ಚಳಿಗಾಲದಲ್ಲಿ ಗುಡ್ಡದ ಮೇಲೆ ಬಿಳಿಯ ನೆಲಗುಬ್ಬಿಗಳನ್ನು ಕಂಡೆ ಎಂದು ಅವನು ಹೇಳಿದನಂತೆ. ವೈಟ್ ಅದನ್ನು ಅನುಮಾನದಿಂದಲೇ ದಾಖಲಿಸುತ್ತಾನೆ, ಅವು ಉತ್ತರದಿಂದ ಬಂದ ಬೇರೆ ಜಾತಿಯ ಹಿಮಗುಬ್ಬಿಗಳಿರಬೇಕು ಎಂದು ಊಹಿಸುತ್ತಾನೆ. ಅವನ ಊಹೆ ಸರಿಯೇ ಇದ್ದೀತು. ಆದರೆ ನನ್ನ ಗಮನ ಹೋದದ್ದು ಬೇರೆ ಕಡೆಗೆ. ಒಂದು ಪತ್ರದಲ್ಲಿ ಎರಡು ಸಲ ಬಿಳಿ ಹಕ್ಕಿ ಬರುತ್ತದೆ, ಎರಡು ಸಲವೂ ಮೊದಲು ಕಂಡವರಿಗೆ ಹೆಸರಿಲ್ಲ. ಗಾಡಿಯವ ದಡ್ಡನೆನಿಸಿಕೊಂಡ, ಕುರಿಗಾಹಿ ಸರಿಯಾಗಿ ನೋಡಲಾರದವನೆನಿಸಿಕೊಂಡ.

ನಾನು ಇತಿಹಾಸ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಸಾಹತು ಕಾಲದ ಭಾರತದಲ್ಲಿ ಹವ್ಯಾಸಿಗಳು ಬರೆದಿಟ್ಟ ನಿಸರ್ಗ ಟಿಪ್ಪಣಿಗಳು ನನ್ನ ವಿಷಯ. ಓದುತ್ತ ಓದುತ್ತ ಬಣ್ಣ ತಪ್ಪಿದ ಹಕ್ಕಿಗಳಿಗೆಂದೇ ಬೇರೆಯೊಂದು ನೋಟ್‌ಬುಕ್ ಇಟ್ಟುಕೊಂಡೆ. ಪ್ರಬಂಧಕ್ಕೆ ಇದರಿಂದ ಪ್ರಯೋಜನವಿದೆಯೇ ಎಂದು ನನ್ನ ಮಾರ್ಗದರ್ಶಕರು ಕೇಳಿದ್ದಾರೆ. ಇದೆ ಎಂದಿದ್ದೇನೆ. ಆ ನೋಟ್‌ಬುಕ್ಕಿನಲ್ಲಿ ನಾಲ್ಕು ಕಂಬಸಾಲುಗಳಿವೆ: ಕಂಡವರು ಯಾರು, ಬರೆದವರು ಯಾರು, ಹಕ್ಕಿ ಏನಾಯಿತು, ಕಣ್ಣು ಯಾವ ಬಣ್ಣ. ಮೂರನೆಯ ಸಾಲು ಬಹುತೇಕ ಒಂದೇ ಪದದಿಂದ ತುಂಬಿದೆ. ನಾಲ್ಕನೆಯದು ಹೆಚ್ಚುಕಡಿಮೆ ಖಾಲಿ.

ಬಿಳಿ ಕಾಗೆಯ ಬಗ್ಗೆ ಮನುಷ್ಯ ತಲೆಕೆಡಿಸಿಕೊಂಡದ್ದು ಹೊಸದಲ್ಲ. ಕಾಗೆ, ಗುಬ್ಬಿ, ಕವಲುತೋಕೆಯಂಥ ಒಂದೇ ಬಣ್ಣದ ಹಕ್ಕಿಗಳು ಕಡುಚಳಿಗೆ ಬೆಳ್ಳಗಾಗುವುದುಂಟು ಎಂದು ಅರಿಸ್ಟಾಟಲ್ ಬರೆದಿದ್ದಾನೆ. ಇಲ್ಲದ್ದಕ್ಕೆ, ಆಗದ್ದಕ್ಕೆ ಬಿಳಿ ಕಾಗೆಯ ಉಪಮೆ ಕೊಡುವುದು ರೋಮಿನ ಕವಿಗಳಲ್ಲೂ ಇತ್ತು. ಕಾಗೆಯನ್ನು ಹಾಲಿನಲ್ಲಿ ತೊಳೆದರೆ ಬೆಳ್ಳಗಾದೀತೇ ಎಂದು ನಮ್ಮಲ್ಲೂ ಕೇಳುತ್ತಾರೆ. ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ 1896ರ ಭಾಷಣವೊಂದರಲ್ಲಿ, ಎಲ್ಲ ಕಾಗೆಗಳೂ ಕಪ್ಪೆಂಬ ನಿಯಮ ಮುರಿಯಲು ಒಂದೇ ಒಂದು ಬಿಳಿ ಕಾಗೆ ತೋರಿಸಿದರೆ ಸಾಕು ಎಂಬ ತರ್ಕ ಹೂಡಿದ. ಅವನು ಹುಡುಕುತ್ತಿದ್ದದ್ದು ಕಾಗೆಯನ್ನಲ್ಲ, ಸತ್ತವರ ಜೊತೆ ಮಾತಾಡುವ ಒಬ್ಬ ಹೆಂಗಸಿನ ಶಕ್ತಿಯ ಪುರಾವೆಯನ್ನು. ತರ್ಕಕ್ಕೆ ಬಂದ ಕಾಗೆಗೆ ಗರಿಯಿದೆ, ಹೊಟ್ಟೆಯಿಲ್ಲ. ನಿಜವಾದ ಬಿಳಿ ಕಾಗೆ ಏನು ತಿನ್ನುತ್ತದೆ, ಎಷ್ಟು ದಿನ ಬದುಕುತ್ತದೆ ಎಂದು ಇವರಲ್ಲಿ ಯಾರೂ ಕೇಳಿದಂತಿಲ್ಲ.

ಕೇಳಬಹುದಾಗಿದ್ದ ಒಬ್ಬ ನಮ್ಮಲ್ಲಿದ್ದ. ವೈಟ್‌ನ ಪತ್ರಕ್ಕಿಂತ 160 ವರ್ಷ ಮೊದಲು, 1608ರಲ್ಲಿ, ಓರ್ಛಾದ ರಾಜಾ ಬೀರ್ ಸಿಂಗ್ ದೇವ ಮೊಗಲ್ ಬಾದಶಹ ಜಹಾಂಗೀರನಿಗೆ ತೋರಿಸಲು ಒಂದು ಬಿಳಿ ಸಿವಂಗಿಯನ್ನು, ಅಂದರೆ ಚೀತಾವನ್ನು ತಂದ. ಜಹಾಂಗೀರ್ ತನ್ನ ಆತ್ಮಚರಿತ್ರೆಯಲ್ಲಿ ಅದರ ವಿವರ ಬರೆಯುತ್ತಾನೆ: ಕಪ್ಪಿರಬೇಕಾದ ಚುಕ್ಕೆಗಳು ನೀಲಿ ಛಾಯೆಯವು, ಮೈಯ ಬಿಳುಪೂ ನೀಲಿಯತ್ತ ವಾಲಿದ್ದು. ಆಮೇಲೆ ಅದೇ ಉಸಿರಿನಲ್ಲಿ ತಾನು ಈವರೆಗೆ ಕಂಡ ಬಿಳಿ ಜೀವಿಗಳ ಪಟ್ಟಿ ಕೊಡುತ್ತಾನೆ. ಡೇಗೆ, ಬಿಜ್ಜು, ಗುಬ್ಬಿ, ಕಾಗೆ, ಗೌಜಲಕ್ಕಿ, ನವಿಲು. ಕೆಲವು ಕೃಷ್ಣಮೃಗಗಳು ಕೂಡ.

ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ಖುಷಿಯಾದದ್ದು ಗುಬ್ಬಿ ಮತ್ತು ಕಾಗೆಗಳಿಂದ. ಬಿಳಿ ಡೇಗೆ ಬಾದಶಹನ ಕಣ್ಣಿಗೆ ಬೀಳುವುದು ಸಹಜ, ಬೇಟೆಯ ಹಕ್ಕಿಗೆ ಬೆಲೆಯಿದೆ. ಆದರೆ ಬಿಳಿ ಗುಬ್ಬಿ? ಅದು ಯಾರದೋ ಮನೆಯ ಸೂರಿನಲ್ಲೋ ಕಣದಲ್ಲೋ ಕಂಡಿರಬೇಕು, ಯಾರೋ ಬಲೆಯೊಡ್ಡಿ ಹಿಡಿದಿರಬೇಕು, ಇನಾಮಿನ ಆಸೆಗೆ ದರ್ಬಾರಿಗೆ ಹೊತ್ತು ತಂದಿರಬೇಕು. ಇದು ನನ್ನ ಊಹೆ, ಆತ್ಮಚರಿತ್ರೆಯಲ್ಲಿ ಈ ಯಾರೋ ಇಲ್ಲ. ಇನ್ನೊಂದು ಸಂಗತಿ ಕೂಡ ಗಮನಿಸುವಂಥದ್ದು. ಆ ಸಾಲುಗಳಲ್ಲಿ ಶಕುನದ ಮಾತಿಲ್ಲ, ದೈವಲೀಲೆಯ ಮಾತಿಲ್ಲ. ಚುಕ್ಕೆ ಪೂರ್ತಿ ಮಾಯವಾಗಿರಲಿಲ್ಲ, ನೀಲಿಗೆ ತಿರುಗಿತ್ತು ಎಂದು ಜಹಾಂಗೀರ್ ಬರೆದಿಟ್ಟದ್ದರಿಂದಲೇ ಆ ಪ್ರಾಣಿ ಬಣ್ಣವೇ ಇಲ್ಲದ್ದಲ್ಲ, ಬಣ್ಣ ತೆಳುವಾದದ್ದು ಎಂದು ನಾಲ್ಕು ಶತಮಾನದ ನಂತರ ನಾವು ಹೇಳಬಹುದು. ಒಂದು ವಿವರ ಇಷ್ಟು ದೂರ ಬರುತ್ತದೆ.

ಯುರೋಪಿನಲ್ಲಿ ಹೊಸ ಪ್ರಭೇದಗಳಿಗೆ ಹೆಸರಿಡುವ ಭರಾಟೆ ಶುರುವಾದ ಮೇಲೆ ಬಣ್ಣ ತಪ್ಪಿದ ಹಕ್ಕಿಗಳ ಪಾಡು ಬೇರೆಯೇ ಆಯಿತು. ಐರ್ಲೆಂಡಿನಲ್ಲಿ 1822ರಲ್ಲಿ ಹೊಡೆದ ಒಂದು ಕಡುಗಂದು ಸ್ನೈಪನ್ನು (ಉದ್ದ ಕೊಕ್ಕಿನ ಗದ್ದೆಹಕ್ಕಿ) ನಿಕೊಲಸ್ ವಿಗರ್ಸ್ ಎಂಬ ವಿದ್ವಾಂಸ 1825ರಲ್ಲಿ ಹೊಸ ಪ್ರಭೇದವೆಂದು ಸಾರಿ, ಸಬೈನ್ ಎಂಬ ಹಿರಿಯರ ಹೆಸರಿಟ್ಟ. ಆಮೇಲೆ ಅಂಥವು ಇನ್ನಷ್ಟು ಸಿಕ್ಕವು, ಅವುಗಳ ಬೇಟೆಗೊಂದು ಪ್ರತಿಷ್ಠೆಯೂ ಬಂತು. ಕೊನೆಗೆ ಅದು ಮಾಮೂಲಿ ಸ್ನೈಪ್, ಕಪ್ಪು ಬಣ್ಣ ಹೆಚ್ಚಾದದ್ದು ಅಷ್ಟೆ ಎಂದು ತೀರ್ಮಾನವಾಯಿತು. ಹೆಸರು ಹೋಯಿತು, ಗಾಜಿನ ಪೆಟ್ಟಿಗೆಯ ಹಕ್ಕಿಗಳು ಉಳಿದವು.

ಇದೆಲ್ಲದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಫೆರೋ ದ್ವೀಪಗಳ ಕಥೆ. ನಾರ್ವೆ, ಐಸ್‌ಲ್ಯಾಂಡ್, ಸ್ಕಾಟ್ಲೆಂಡುಗಳ ನಡುವಿನ ಸಮುದ್ರದಲ್ಲಿ ಹದಿನೆಂಟು ದ್ವೀಪಗಳು, ಕುರಿ ಸಾಕಿ ಮೀನು ಹಿಡಿದು ಬದುಕುವ ಜನ, ಮೇಲೆ ಡೆನ್ಮಾರ್ಕಿನ ಆಳ್ವಿಕೆ. ಅಲ್ಲಿ ರೇವನ್ ಎಂಬ ದೊಡ್ಡ ಕಾಗೆಗಳುಂಟು. ನಮ್ಮ ಕಾಡುಕಾಗೆಗಿಂತಲೂ ದೊಡ್ಡವು, ಕುರಿಮರಿಗಳ ಕಣ್ಣು ಕುಕ್ಕುವಷ್ಟು ಗಟ್ಟಿಗ ಜಾತಿ. ಆ ದ್ವೀಪಗಳ ರೇವನ್‌ಗಳಲ್ಲಿ ಕೆಲವು ಕಪ್ಪು ಬಿಳುಪಿನವಾಗಿದ್ದವು. ತಲೆ, ರೆಕ್ಕೆ, ಹೊಟ್ಟೆಗಳ ಮೇಲೆ ಅಗಲವಾದ ಬಿಳಿ, ಕೊಕ್ಕು ತಿಳಿಗಂದು. ಬೇರೆ ಕಡೆಗಳಲ್ಲಿ ಲಕ್ಷಕ್ಕೊಂದು ಎಂಬಂತೆ ಕಾಣುವ ಈ ವ್ಯತ್ಯಾಸ ಇಲ್ಲಿ ತಲೆಮಾರುಗಳ ಕಾಲ ನಡೆದುಬಂದಿತ್ತು. ದ್ವೀಪದ ಹಳೆಯ ಲಾವಣಿಯೊಂದರ ಹಕ್ಕಿಗಳ ಪಟ್ಟಿಯಲ್ಲೂ ಇದಕ್ಕೊಂದು ಜಾಗವಿದೆ. ಅಲ್ಲಿನವರ ಮಾತಿನಲ್ಲಿ ಇದು 'ಬಿಳಿ ರೇವನ್'. ಹೊರಗಿನವರಿಗೆ ಅದ್ಭುತವಾದದ್ದು ಅವರಿಗೆ ಹಿತ್ತಿಲ ಹಕ್ಕಿ.

ಅದ್ಭುತವೆಂದವರು ಸುಮ್ಮನಿರಲಿಲ್ಲ. ಡೆನ್ಮಾರ್ಕಿನ ವಿದ್ವಾಂಸ ಬ್ರುನ್ನಿಕ್ ಇದು ಬೇರೆಯೇ ಪ್ರಭೇದ ಎಂದ. ಅವನ ಮುಖ್ಯ ಸಾಕ್ಷಿ ಏನು ಗೊತ್ತೇ? ಕಪ್ಪು ರೇವನ್‌ಗಳು ಈ ಬಿಳಿಕಪ್ಪಿನವನ್ನು ಅಟ್ಟಿಸಿಕೊಂಡು ಹೋಗಿ ಕಾಡುತ್ತಿದ್ದವು. ಒಂದೇ ಜಾತಿಯಾಗಿದ್ದರೆ ಹೀಗೆ ಕಾಡುತ್ತಿದ್ದವೇ ಎಂಬುದು ಅವನ ವಾದ. ಆ ತೀರ್ಮಾನ ತಪ್ಪೆಂದು ಗೊತ್ತಾಗಿದೆ ಎಂದು ಚಾರ್ಲ್ಸ್ ಡಾರ್ವಿನ್ 1871ರ ತನ್ನ ಪುಸ್ತಕದಲ್ಲಿ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ತಮ್ಮವರನ್ನು ತಮ್ಮವರೇ ಅಟ್ಟುವುದಿಲ್ಲ ಎಂದು ಬ್ರುನ್ನಿಕ್‌ಗೆ ಯಾಕೆ ಅನ್ನಿಸಿತೋ. ಮನುಷ್ಯರನ್ನು ನೋಡಿ ಕಲಿತದ್ದಂತೂ ಆಗಿರಲಾರದು.

ಇದರ ಜೊತೆಗೇ ಸರ್ಕಾರದ ಕಾನೂನೊಂದಿತ್ತು. 1741ರ ಅರಸನ ಆಜ್ಞೆಯ ಪ್ರಕಾರ ದ್ವೀಪದ ಪ್ರತಿಯೊಬ್ಬ ವಯಸ್ಕ ಗಂಡಸು ವರ್ಷಕ್ಕೆ ಒಂದಾದರೂ ರೇವನ್ ಕೊಂದು ಕೊಕ್ಕು ಒಪ್ಪಿಸಬೇಕು, ಇಲ್ಲದಿದ್ದರೆ ದಂಡ ಕಟ್ಟಬೇಕು. ಇದಕ್ಕೆ ಕೊಕ್ಕಿನ ತೆರಿಗೆ ಎಂದೇ ಹೆಸರು. ಹೀಗೆ ರೇವನ್ ಕೊಲ್ಲುವುದು ಕರ್ತವ್ಯವಾಗಿದ್ದ ಊರಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಸಂಗ್ರಾಹಕರ ದುಡ್ಡು ಬಂತು. ವಸ್ತುಸಂಗ್ರಹಾಲಯಗಳಿಗೆ, ಶ್ರೀಮಂತರ ಕಪಾಟುಗಳಿಗೆ ಬಿಳಿಕಪ್ಪಿನ ರೇವನ್ ಬೇಕಿತ್ತು. ಬಡ ರೈತನ ಪಾಲಿಗೆ ಅಂಥ ಒಂದು ಹಕ್ಕಿಯ ಬೆಲೆ ದೊಡ್ಡ ಮೊತ್ತ. ಹೇಗೂ ಒಂದು ರೇವನ್ ಹೊಡೆಯಲೇಬೇಕು ಎಂದಮೇಲೆ ಯಾವುದನ್ನು ಹೊಡೆಯುತ್ತಾನೆ? ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಸೆಲ್ಬೋರ್ನಿನ ಗಾಡಿಯವನನ್ನು ವೈಟ್ ಬೈದ ಹಾಗೆ ಇವನನ್ನೂ ಬೈದರೆ, ಕೊಂಡವರು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಾರೆ.

1902ರಲ್ಲಿ ಮಿಕಿನೆಸ್ ಎಂಬ ದ್ವೀಪದಲ್ಲಿ ಕಂಡದ್ದೇ ಖಚಿತವಾಗಿ ಹೇಳಬಹುದಾದ ಕೊನೆಯ ಬಿಳಿಕಪ್ಪಿನ ರೇವನ್. ಆಮೇಲೂ ಕಂಡೆವು ಎಂದವರಿದ್ದಾರೆ, ದೃಢಪಟ್ಟಿಲ್ಲ. ಕೋಪನ್‌ಹೇಗನ್, ಉಪ್ಸಾಲಾ, ನ್ಯೂಯಾರ್ಕ್ ಮೊದಲಾದ ಕಡೆಗಳ ಸಂಗ್ರಹಾಲಯಗಳಲ್ಲಿ ಅವುಗಳ ಚರ್ಮಗಳಿವೆ. 1995ರಲ್ಲಿ ಫೆರೋ ಅಂಚೆ ಇಲಾಖೆ ಆ ಹಕ್ಕಿಯ ಚಿತ್ರದ ಅಂಚೆಚೀಟಿ ತಂದಿತು. ಕಪ್ಪು ರೇವನ್‌ಗಳು ಇವತ್ತಿಗೂ ಆ ದ್ವೀಪಗಳಲ್ಲಿವೆ.

ಈಗ ಕಣ್ಣಿನ ವಿಷಯಕ್ಕೆ ಬರುತ್ತೇನೆ.

ಹಕ್ಕಿಯ ಗರಿಗೆ ಕಪ್ಪು, ಕಂದು ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಹುಟ್ಟಿನಿಂದಲೇ ಆ ಕಿಣ್ವ ಕೆಲಸ ಮಾಡದಿದ್ದರೆ ಮೈಯಲ್ಲೆಲ್ಲೂ ಮೆಲನಿನ್ ಇರುವುದಿಲ್ಲ, ಕಣ್ಣಿನಲ್ಲೂ ಇರುವುದಿಲ್ಲ. ಒಳಗಿನ ರಕ್ತ ಕಾಣುವುದರಿಂದ ಕಣ್ಣು ಕೆಂಪಗಿರುತ್ತದೆ. ಇದು ಅಲ್ಬಿನೊ. ಕಿಣ್ವ ಸರಿಯಿದ್ದು ಚರ್ಮದ ಕೆಲವು ಭಾಗಗಳಿಗೆ ಬಣ್ಣದ ಕೋಶಗಳೇ ತಲುಪದಿದ್ದರೆ ಅಲ್ಲಿನ ಗರಿ ಬಿಳಿ, ಕಣ್ಣು ಮಾತ್ರ ಮಾಮೂಲಿ. ಇದು ಲೂಸಿಸಂ. ಇಂಥ ಬಿಳಿ ಹುಟ್ಟಿನಿಂದ ಸಾವಿನವರೆಗೆ ಒಂದೇ ಜಾಗದಲ್ಲಿರುತ್ತದೆ, ಎಡಬಲ ಎರಡೂ ಕಡೆ ಸುಮಾರು ಒಂದೇ ಥರ. ಇನ್ನೊಂದು ಬಗೆ ಮನುಷ್ಯರ ತಲೆ ನೆರೆತ ಹಾಗೆ: ಮೊದಲು ಚೆನ್ನಾಗಿಯೇ ಕಪ್ಪಗಿದ್ದ ಹಕ್ಕಿಗೆ ಪ್ರತಿ ಸಲ ಗರಿ ಉದುರಿ ಹೊಸದು ಬಂದಾಗ ಬಿಳಿ ಹೆಚ್ಚುತ್ತ ಹೋಗುತ್ತದೆ. ಮತ್ತೊಂದರಲ್ಲಿ ಮೆಲನಿನ್ ಪೂರ್ತಿ ಮಾಗದೆ ಕಪ್ಪಿನ ಬದಲು ಕಂದಾಗುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಆಹಾರದಲ್ಲಿ ಕೊರತೆಯಾದರೂ ಗರಿ ಬೆಳ್ಳಗಾಗಬಹುದು. ಪೇಟೆಯ ಕಾಗೆಗಳಲ್ಲಿ ಇದು ಕಾಣಿಸುತ್ತದೆ.

ಇಂಗ್ಲೆಂಡಿನ ಟ್ರಿಂಗ್ ಸಂಗ್ರಹಾಲಯದಲ್ಲಿ ಹಕ್ಕಿಗಳ ವಿಭಾಗ ನೋಡಿಕೊಳ್ಳುವ ಹೈನ್ ವಾನ್ ಗ್ರೌ ಈ ಭೇದಗಳನ್ನು ಬಿಡಿಸಿಟ್ಟವರಲ್ಲಿ ಮುಖ್ಯರು. ಬಿಳಿಯಿದ್ದದ್ದೆಲ್ಲ ಅಲ್ಬಿನೊ ಅಲ್ಲ ಎನ್ನುವ ಅವರ ಲೇಖನ ಬಂದದ್ದು 2006ರಲ್ಲಿ. ಅವರ ಪ್ರಕಾರ 'ಅರ್ಧ ಅಲ್ಬಿನೊ' ಎಂಬುದೇ ಇಲ್ಲ. ಇನ್ನೂ ಒಂದು ಮಾತಿದೆ. ಅಲ್ಬಿನೊ ಹಕ್ಕಿಗೆ ದೃಷ್ಟಿ ಮಂದ, ಗೂಡು ಬಿಟ್ಟ ಕೆಲವೇ ದಿನಗಳಲ್ಲಿ ಹೆಚ್ಚಿನವು ಸಾಯುತ್ತವೆ. ಆದ್ದರಿಂದ ನಿಮ್ಮ ಹಿತ್ತಿಲಿಗೆ ತಿಂಗಳುಗಟ್ಟಲೆ ಬಂದುಹೋಗುವ ಬಿಳಿ ಕಾಗೆಯೋ ಗೊರವಂಕವೋ ಇದ್ದರೆ ಅದು ಬಹುಮಟ್ಟಿಗೆ ಅಲ್ಬಿನೊ ಅಲ್ಲ.

ಹಾಗಿದ್ದರೆ ಸೆಲ್ಬೋರ್ನಿನ ಮರಿಗಳು ಯಾವ ಬಗೆಯವು? ಕೊಕ್ಕು ಕಾಲು ಉಗುರು ಬಿಳಿ ಎಂದಮೇಲೆ ಅಲ್ಬಿನೊ ಆಗಿರಬಹುದು, ಮೈಪೂರ್ತಿ ಲೂಸಿಸಂ ಕೂಡ ಆಗಿರಬಹುದು. ನಿರ್ಧರಿಸಬಲ್ಲದ್ದು ಕಣ್ಣೊಂದೇ. ಮೊಳೆ ಹೊಡೆಸಿಕೊಂಡ ಮರಿಯ ಕಣ್ಣಿನಲ್ಲಿ ಅದು ಉಳಿದಿರುವುದಿಲ್ಲ.

ಸಂಗ್ರಹಾಲಯಗಳ ಕಥೆಯೂ ಇದೇ. ಹಕ್ಕಿಯ ಚರ್ಮ ಸುಲಿದು ಒಣಗಿಸುವಾಗ ಮೊದಲು ಹೋಗುವುದು ಕಣ್ಣು. ಆ ಕುಳಿಯಲ್ಲಿ ಹತ್ತಿ ತುಂಬುತ್ತಾರೆ. ದಿವಾನಖಾನೆಯ ಗಾಜಿನ ಪೆಟ್ಟಿಗೆಯಲ್ಲಾದರೆ ಬಣ್ಣದ ಗಾಜಿನ ಗುಂಡು, ಅದರ ಬಣ್ಣ ಆರಿಸುವವನು ಅಂಗಡಿಯವನು. ಹೊಡೆದು ಕೈಗೆ ತೆಗೆದುಕೊಂಡ ಹಕ್ಕಿಯೇ ಸಾಕ್ಷಿ, ಬರೀ ಕಂಡದ್ದು ಗಾಳಿಮಾತು ಎಂಬುದು ಆ ಕಾಲದ ವಿದ್ವಾಂಸರ ನಂಬಿಕೆ. ಬಣ್ಣ ತಪ್ಪಿದ ಹಕ್ಕಿಯ ವಿಷಯದಲ್ಲಿ ಇದು ತಲೆಕೆಳಗಾಗುತ್ತದೆ. ಕೈಗೆ ಬಂದ ಗಳಿಗೆಯಲ್ಲೇ ಮುಖ್ಯ ಸಾಕ್ಷಿ ಹೋಗುತ್ತದೆ. ಚೀಟಿಯಲ್ಲಿ ಯಾರಾದರೂ ಕಣ್ಣಿನ ಬಣ್ಣ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನೆರೆಯುವ ಬಗೆಯನ್ನಂತೂ ಸತ್ತ ಹಕ್ಕಿಯಿಂದ ತಿಳಿಯುವುದೇ ಕಷ್ಟ, ವರ್ಷಗಟ್ಟಲೆ ಒಂದೇ ಹಕ್ಕಿಯನ್ನು ನೋಡಿರಬೇಕು.

ಭಾರತದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲೇ ನಡೆಯಿತು. ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನಾದ ಎ.ಒ. ಹ್ಯೂಮ್ ಶಿಮ್ಲಾದ ತನ್ನ ಮನೆಯಲ್ಲಿಟ್ಟಿದ್ದ ಸುಮಾರು 82,000 ಚರ್ಮ ಮತ್ತು ಮೊಟ್ಟೆಗಳ ಸಂಗ್ರಹವನ್ನು 1885ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟ. ಕಾಂಗ್ರೆಸ್ ಹುಟ್ಟಿದ್ದೂ ಅದೇ ವರ್ಷ. 1883ರಲ್ಲಿ ಶುರುವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಪ್ಲಾಂಟರುಗಳು, ಸೈನ್ಯಾಧಿಕಾರಿಗಳು, ರೈಲ್ವೆ ಎಂಜಿನಿಯರುಗಳು ಬಿಳಿ ಹಕ್ಕಿಗಳ ಬಗ್ಗೆ ಪುಟ್ಟ ಟಿಪ್ಪಣಿಗಳನ್ನು ಕಳಿಸುತ್ತಿದ್ದರು. ನನ್ನ ನೋಟ್‌ಬುಕ್ಕಿನ ಮೂರನೇ ಸಾಲಿನಲ್ಲಿ ಮತ್ತೆ ಮತ್ತೆ ಬರುವ ಆ ಪದ 'ಹೊಡೆದದ್ದು'. ಮೊದಲ ಸಾಲಿನಲ್ಲಿ ಮತ್ತೆ ಮತ್ತೆ ಬರುವುದು ಆಳು, ಮಾಲಿ, ಶಿಕಾರಿ. ಹೆಸರುಗಳಲ್ಲ, ಕೆಲಸಗಳು.

ಕಾಗೆಗೆ ಕಾನೂನಿನ ರಕ್ಷಣೆಯೂ ಬಹುಕಾಲ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಊರುಕಾಗೆ ಇಲಿ ಹೆಗ್ಗಣಗಳ ಜೊತೆ ಪೀಡಕ ಜೀವಿಗಳ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು. ಫೆರೋದ ಕೊಕ್ಕಿನ ತೆರಿಗೆಯ ಕಥೆ ಓದುವಾಗ ನನಗೆ ಅದು ತೀರ ದೂರದ್ದೆನಿಸದೆ ಇದ್ದುದಕ್ಕೆ ಇದೂ ಒಂದು ಕಾರಣ.

ಧಾರವಾಡದಲ್ಲಿ ನಾನಿರುವ ಹಾಸ್ಟೆಲಿನ ಅಡುಗೆಮನೆಯ ಹಿಂದೆ ಒಂದು ಪೇರಲ ಮರವಿದೆ. ಪಾತ್ರೆ ತೊಳೆಯುವ ಕಟ್ಟೆಗೆ ಬರುವ ಕಾಗೆಗಳಲ್ಲಿ ಒಂದಕ್ಕೆ ಅಲ್ಲಲ್ಲಿ ಬಿಳಿ ಗರಿ. ನಾನು ಅದನ್ನು ಗಮನಿಸಿದ್ದು ಹೋದ ಚಳಿಗಾಲದಲ್ಲಿ. ಲೂಸಿಸಂ ಎಂದು ಬರೆದುಕೊಳ್ಳುವ ಮೊದಲು ರೊಟ್ಟಿ ಬಡಿಯುವ ಅಕ್ಕನನ್ನು ಕೇಳೋಣ ಎನಿಸಿತು. ಕೇಳಿದೆ.

"ಹೋದ ವರ್ಷ ಬರೇ ಕುತ್ತಿಗಿ ಹಂತ್ಯಾಕ ಎರಡ ಬಿಳಿ ಗರಿ ಇದ್ದೂ ತಂಗಿ," ಅಂದರು. "ಈಗ ನೋಡ, ರೆಕ್ಕಿಗೂ ಬಂದಾವ."

"ಅದ ಕಾಗಿ ಇದು ಅಂತ ಹೆಂಗ ಹೇಳ್ತೀರಿ ಅಕ್ಕಾ?"

"ಬಲಗಾಲಾಗ ಒಂದ ಬೆರಳ ಇಲ್ಲಲ್ಲ! ಮೂರ ವರ್ಷದಿಂದ ನನ್ನ ರೊಟ್ಟಿ ತಿಂದೈತಿ, ನನಗ ಗೊತ್ತಾಗೂದಿಲ್ಲೇನು?"

ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದವರಿಗೆ ಬೇರೆಯೇ ಚಿಂತೆ. ಇಂಥ ಕಾಗೆ ಪಿಂಡ ಮುಟ್ಟಿದರೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಅವರು ಕೇಳಿದರು. ಅದಕ್ಕೆ ವಾನ್ ಗ್ರೌ ಅವರಲ್ಲೂ ಉತ್ತರವಿಲ್ಲ.

ಎರಡು ವರ್ಷದಲ್ಲಿ ಬಿಳಿ ಹೆಚ್ಚಿದೆ ಎಂದರೆ ಲೂಸಿಸಂ ಅಲ್ಲ. ನೆರೆಯುವ ಬಗೆ ಇರಬಹುದು, ಅಥವಾ ನಮ್ಮ ಮೆಸ್ಸಿನ ಊಟದ ಮಹಿಮೆಯೂ ಇರಬಹುದು. ಮುಂದಿನ ಗರಿ ಬಂದ ಮೇಲೆ ಸ್ವಲ್ಪ ತಿಳಿದೀತು. ಕಾಗೆಯ ಫೋಟೊ ತೆಗೆದಿದ್ದೇನೆ, ಯಾವ ಹಾಸ್ಟೆಲ್ ಎಂದು ಎಲ್ಲೂ ಹಾಕಿಲ್ಲ. ಬಿಳಿ ಹಕ್ಕಿಯ ಸುದ್ದಿ ಹರಡಿದರೆ ನೋಡುವವರ ಹಿಂದೆಯೇ ಹಿಡಿಯುವವರೂ ಬರುತ್ತಾರೆ.

ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಅಕ್ಕನ ಹೆಸರು ಬರೆಯಲೇ ಎಂದು ಕೇಳಿ, ಒಪ್ಪಿದ ಮೇಲೆ ಬರೆದುಕೊಂಡಿದ್ದೇನೆ. ಮೂರನೆಯದರಲ್ಲಿ 'ಇದೆ'. ಕಣ್ಣು ಕಡುಗಂದು. ಮಳೆ ಕಡಿಮೆಯಾಗಿದೆ, ಕಟ್ಟೆಯ ಸುತ್ತ ಹಳೆಯ ಗರಿಗಳು ಉದುರತೊಡಗಿವೆ.